ಇಂಡಿಯನ್ ಪಾಸ್‌ಪೋರ್ಟಾ, ಪೋರ್ಚುಗೀಸಾ? ಗೋವಾದ ಅಜ್ಜಿ ಇರುವ ಮಂಗ್ಳೂರಿನವರಿಗೆ

ಇನ್ನೂರು ಮುನ್ನೂರು ವರ್ಷದ ಹಿಂದೆ ಗೋವಾದಿಂದ ಬಂದವರು ನಾವು ಅಂತ ಮಂಗ್ಳೂರಿನ ಬೆಂದೂರಲ್ಲಿ ಕೂತು ಹೇಳಿದ್ರೆ ಪೋರ್ಚುಗೀಸ್ ಪಾಸ್‌ಪೋರ್ಟ್ ಸಿಗುದಿಲ್ಲ ಮಾರಾಯ್ರೆ, ಅಪ್ಪ ಅಮ್ಮನೋ ಅಜ್ಜ ಅಜ್ಜಿಯೋ, ಗೋವಾ ಪೋರ್ಚುಗೀಸರ ಕೈಯಿಂದ ಭಾರತಕ್ಕೆ ಬಂದ 1961ರ ಡಿಸೆಂಬರ್‌ಗೆ ಮೊದ್ಲು ಗೋವಾದಲ್ಲೇ ಹುಟ್ಟಿರ್ಬೇಕು, ಅಲ್ಲಿಯ ಜನನ ದಾಖಲೆ ಬೇಕು.

ಆಗ ಇಂಡಿಯಾ ಮಾಡಿದ್ದು ಒಳ್ಳೇ ಕೆಲ್ಸ. ಗೋವಾದವರ ಪೌರತ್ವಕ್ಕೆ ಮಾಡಿದ 1962ರ ಆರ್ಡರ್ ಪ್ರಕಾರ ಅಲ್ಲಿ ಹುಟ್ಟಿದವರು, ಅವರ ಮಕ್ಕಳು ಮೊಮ್ಮಕ್ಕಳು ಎಲ್ಲಾ ತನ್ನಿಂತಾನೇ ಭಾರತೀಯರು, ಬೇಡ ಅನ್ನುವವರು ಒಂದು ತಿಂಗಳೊಳಗೆ ಬರೆದು ಕೊಡ್ಬೇಕಿತ್ತು, ಅಂದ್ರೆ ಆ ಕಡೆಯೂ ಇಲ್ಲ ಈ ಕಡೆಯೂ ಇಲ್ಲ ಅಂತ ಯಾರೂ ನಡುವಲ್ಲಿ ಸಿಕ್ಕಿಬೀಳದ ಹಾಗೆ ಮಾಡಿದ್ರು. ಪೋರ್ಚುಗಲ್ ಕೂಡ ಬಾಗಿಲು ಮುಚ್ಲಿಲ್ಲ, ಈ ಆಯ್ಕೆ ಉಳಿದದ್ದೇ ಅದರಿಂದ.

ಪೋರ್ಚುಗೀಸ್ ತಗೊಂಡ್ರೆ ಯುರೋಪಿಯನ್ ಯೂನಿಯನ್‌ನ 27 ದೇಶದಲ್ಲಿ ಇರ್ಬಹುದು, ದುಡಿಬಹುದು. ಲಂಡನ್ ಕನಸಿದ್ರೆ ಬಿಡಿ, ಬ್ರೆಕ್ಸಿಟ್ ಆಗಿ ಬ್ರಿಟನ್ ಯೂನಿಯನ್ ಬಿಟ್ಟ ಮೇಲೆ ಅಲ್ಲಿ ಹೋಗಿ ಇರ್ಲಿಕ್ಕೆ, ದುಡಿಲಿಕ್ಕೆ ವೀಸಾ ಬೇಕೇ ಬೇಕು. ಮತ್ತೆ ಇಲ್ಲಿ ಪೌರತ್ವ ಕಾಯ್ದೆಯ 9ನೇ ಸೆಕ್ಷನ್‌ನಲ್ಲಿ ಭಾರತೀಯ ಪೌರತ್ವ ಹೋಯ್ತು, ಎರಡೂ ಇಟ್ಕೊಳ್ಳಿಕ್ಕೆ ಆಗುದಿಲ್ಲ. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ಮಾಡಿಸಿ ಬಂದಿರ್ಬಹುದು, ಫ್ಲ್ಯಾಟ್ ತಗೊಳ್ಬಹುದು, ಆದ್ರೆ ವೋಟಿಲ್ಲ, ಅಡಿಕೆ ತೋಟ ಖರೀದಿ ಮಾಡ್ಲಿಕ್ಕಿಲ್ಲ.

ಗಲ್ಫಲ್ಲಿ ನಾಲ್ಕು ವರ್ಷ ದುಡಿದು ಊರಿಗೆ ಬರುವವರಿಗೆ ಇಂಡಿಯನ್ನೇ ಸಾಕು, ಯುರೋಪಲ್ಲೇ ಸೆಟ್ಲ್ ಆಗುವವರಾದ್ರೆ ಪೋರ್ಚುಗೀಸ್.