ಸಿಟಿ ಅಟಾರ್ನಿಯೋ, ಡಿಸ್ಟ್ರಿಕ್ಟ್ ಅಟಾರ್ನಿಯೋ?

ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಓದಿ, ಮುಂದೆ ಚುನಾವಣೆಗೆ ನಿಲ್ಲೋ ಆಸೆ ಇದೆಯಾ? ಸ್ಯಾನ್ ಫ್ರಾನ್ಸಿಸ್ಕೋದ ಈ ಎರಡು ಹುದ್ದೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಎರಡಕ್ಕೂ ಜನರೇ ಮತ ಹಾಕುತ್ತಾರೆ.

ಸಿಟಿ ಅಟಾರ್ನಿ ಅಂದ್ರೆ ನಗರಾಡಳಿತದ ವಕೀಲ. ಕರಾರು, ಪರಿಹಾರದ ದಾವೆ, ಇಲಾಖೆಗಳಿಗೆ ಸಲಹೆ: ಎಲ್ಲಾ ಸಿವಿಲ್ ಕೆಲಸ, ಸುದ್ದಿಯಾಗೋದು ಕಡಿಮೆ. ಆದರೂ ಆಗಿನ ಸಿಟಿ ಅಟಾರ್ನಿ ಡೆನಿಸ್ ಹೆರೆರಾ ಸಲಿಂಗ ವಿವಾಹದ ಹಕ್ಕಿಗಾಗಿ 2004ರಲ್ಲಿ ರಾಜ್ಯದ ಮೇಲೆಯೇ ದಾವೆ ಹೂಡಿದರು. 2008ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್‌ನಲ್ಲಿ ಗೆದ್ದರು. ಇಷ್ಟು ಹೆಸರಿದ್ದೂ 2011ರ ಮೇಯರ್ ಚುನಾವಣೆಯಲ್ಲಿ ಎಡ್ ಲೀ ಎದುರು ಸೋತರು!

ಡಿಸ್ಟ್ರಿಕ್ಟ್ ಅಟಾರ್ನಿ ಅಂದ್ರೆ ಸರ್ಕಾರದ ಪರ ಕ್ರಿಮಿನಲ್ ಕೇಸು ನಡೆಸೋ ವಕೀಲ. ಹೆಸರು ಬೇಗ ಬರುತ್ತದೆ, ಬೈಗುಳವೂ ಜಾಸ್ತಿ. ಕಮಲಾ ಹ್ಯಾರಿಸ್ ಮೊದಲು ಸಿಟಿ ಅಟಾರ್ನಿ ಕಚೇರಿಯಲ್ಲೇ ಇದ್ದವರು. 2003ರಲ್ಲಿ ಡಿಸ್ಟ್ರಿಕ್ಟ್ ಅಟಾರ್ನಿ ಹುದ್ದೆ ಗೆದ್ದರು. ಆಮೇಲೆ ರಾಜ್ಯದ ಅಟಾರ್ನಿ ಜನರಲ್, ಸೆನೆಟರ್, ಉಪಾಧ್ಯಕ್ಷೆ.

ಹಾಗಂತ ಸಿಟಿ ಅಟಾರ್ನಿ ದಾರಿ ಮುಚ್ಚಿದೆ ಅಂತಲ್ಲ. ಲಾಸ್ ಏಂಜಲಿಸ್‌ನಲ್ಲಿ ಜೇಮ್ಸ್ ಹಾನ್ 1985ರಿಂದ 16 ವರ್ಷ ಆ ಕುರ್ಚಿಯಲ್ಲಿದ್ದು, 2001ರಲ್ಲಿ ಮೇಯರ್ ಆದರು. ಅಲ್ಲಿ ಸಿಟಿ ಅಟಾರ್ನಿ ಸಣ್ಣಪುಟ್ಟ ಕ್ರಿಮಿನಲ್ ಕೇಸನ್ನೂ ನಡೆಸುತ್ತಾರೆ. ಅದೂ ನೆರವಾಗಿರಬೇಕು, ಅಲ್ವಾ?

ನನ್ನನ್ನು ಕೇಳಿದರೆ, ಊರಿನ ಆಡಳಿತ ಒಳಗಿಂದ ಕಲಿಯಲು ಮೊದಲನೆಯದು. ಬೇಗ ಮೇಲೇರೋ ಆತುರ ಇದ್ದರೆ ಎರಡನೆಯದು.