ಮಾತು ಬಿಟ್ಟ ಅಪ್ಪನಿಗೆ ಬಾಡಿಗೆ ಮಂಚ, ಏರ್ ಬೆಡ್: ಯಾವುದು ತರಬೇಕು, ಯಾವುದು ಬೇಡ

ವರ್ಷಗಟ್ಟಲೆ ಮಾತುಕತೆ ಇಲ್ಲದ ಅಪ್ಪನೋ ಅಮ್ಮನೋ ಲಕ್ವ ಹೊಡೆದು, ಒಂದು ಮಗ್ಗುಲು ಸ್ವಾಧೀನ ತಪ್ಪಿ, ಆಸ್ಪತ್ರೆಯಿಂದ ನೇರ ಮಕ್ಕಳ ಮನೆಗೆ ಬಂದಾಗಲೂ ಬಾಡಿಗೆ ಅಂಗಡಿಯವರು ಎಲ್ಲರಿಗೂ ಕೊಡುವ ಸೆಟ್ಟನ್ನೇ ಕೊಡುತ್ತಾರೆ: ಸೆಮಿ ಫೌಲರ್ ಮಂಚ, ಬಬಲ್ ಏರ್ ಬೆಡ್ (ಪಂಪಿನ ಗಾಳಿಗೆ ಗುಳ್ಳೆಗಳು ಏರಿಳಿಯುವ ಹಾಸಿಗೆ), ಕಮೋಡ್ ವೀಲ್‌ಚೇರ್ (ಶೌಚಕ್ಕೂ ಕೂರಬಹುದಾದ ಗಾಲಿಕುರ್ಚಿ). ಇಂಥ ಮನೆಗೆ ಅದು ಅರ್ಧ ಮಾತ್ರ ಸರಿ. ಬೆನ್ನು ಏಳಿಸು ಎಂದು ಕೇಳಲೂ ರೋಗಿ ಹಿಂಜರಿಯುವ ಕಡೆ, ಕೇಳದೆಯೇ ಕೆಲಸವಾಗುವ ಸಾಮಾನಿಗೆ ದುಡ್ಡು ಹಾಕಬೇಕು.

ಸೆಮಿ ಫೌಲರ್‌ನಲ್ಲಿ ಬೆನ್ನಿನ ಭಾಗ ಮಾತ್ರ ಏಳುತ್ತದೆ. ಏಳಿಸಿದಷ್ಟೂ ರೋಗಿ ಕೆಳಕ್ಕೆ ಜಾರುತ್ತಾರೆ. ಚರ್ಮ ಹಾಸಿಗೆಗೆ ಕಚ್ಚಿಕೊಂಡು ಒಳಗಿನ ಮೂಳೆ ಮಾತ್ರ ಸರಿಯುತ್ತದೆ. ಬೆಡ್ ಸೋರ್ (ಮಲಗಿದ್ದಲ್ಲೇ ಆಗುವ ಹುಣ್ಣು) ಶುರುವಾಗುವ ಒಂದು ದಾರಿ ಇದು. ಮಂಡಿಯ ಭಾಗವೂ ಏಳುವ ಫುಲ್ ಫೌಲರ್ ಕೇಳಿ. ಮೊದಲು ಮಂಡಿಯ ಭಾಗ ಎತ್ತಿ, ಆಮೇಲೆ ಬೆನ್ನು. ಊಟದ ಹೊತ್ತು ಬಿಟ್ಟರೆ 30 ಡಿಗ್ರಿ ಸಾಕು, ಊಟವಾದ ಮೇಲೆ ಅರ್ಧ ಗಂಟೆ ಕೂತೇ ಇರಲಿ. ಬಾಡಿಗೆ ಜಾಸ್ತಿಯಾದರೂ ಮೋಟಾರಿನ ಮಂಚಕ್ಕೇ ನಮ್ಮ ಮತ: ರಿಮೋಟ್ ಸ್ವಾಧೀನವಿರುವ ಕೈಗೆ ಸಿಕ್ಕರೆ ಎರಡೂ ಕಡೆಯ ಮರ್ಯಾದೆ ಉಳಿಯುತ್ತದೆ. ಇಳಿಸಿಕೊಳ್ಳುವಾಗ ಚಕ್ರದ ಬ್ರೇಕು, ಪಕ್ಕದ ಕಂಬಿಯ ಲಾಕು ಎಳೆದು ನೋಡಿ. ಮೆಟ್ಟಿಲು ಹತ್ತಿಸುವ ಕೂಲಿ ಯಾರದ್ದೆಂದು ಮೊದಲೇ ಮಾತಾಡಿ.

ಏರ್ ಬೆಡ್ ಬಾಡಿಗೆಗೆ ಬೇಡ, ಹೊಸದೇ ಕೊಳ್ಳಿ. ಹಳೆಯದರಲ್ಲಿ ತೇಪೆ ಇರುತ್ತದೆ, ಮೂತ್ರದ ವಾಸನೆ ಹೋಗುವುದಿಲ್ಲ. ಫೋಮ್ ಹಾಸಿಗೆಯ ಮೇಲೆ ಗುಳ್ಳೆ ಮೇಲ್ಮುಖವಾಗಿ ಹಾಸಿ, ಪಂಪನ್ನು ಕಾಲಿನ ಕಡೆಯ ಹಲಗೆಗೆ ನೇತುಹಾಕಿ. ಮೇಲೆ ತೆಳು ಕಾಟನ್ ಬೆಡ್‌ಶೀಟ್ ಒಂದೇ, ಅದೂ ಸಡಿಲವಾಗಿ. ರಬ್ಬರ್ ಶೀಟು, ಕಂಬಳಿ ಹಾಕಿದರೆ ಗುಳ್ಳೆಗಳು ಏರಿಳಿದೂ ಪ್ರಯೋಜನವಿಲ್ಲ. ಒತ್ತಡ ಸರಿಯಿದೆಯೇ ನೋಡಲು ರೋಗಿಯ ಸೊಂಟದ ನೇರಕ್ಕೆ ಏರ್ ಬೆಡ್ಡಿನ ಅಡಿಗೆ ಅಂಗೈ ತೂರಿಸಿ. ಮೂಳೆ ಕೈಗೆ ತಾಕಿದರೆ ಗಾಳಿ ಸಾಲದು, ನಾಬ್ ಏರಿಸಿ. ಬೆನ್ನು ಎತ್ತುವಾಗ ಟ್ಯೂಬ್ ಮಡಿಚಿಕೊಳ್ಳುವುದು ಮಾಮೂಲಿ ತೊಂದರೆ. ಕರೆಂಟು ಹೋದರೆ ಗಾಳಿ ಇಳಿಯುತ್ತದೆ, ಆದ್ದರಿಂದ ಇನ್ವರ್ಟರ್ ಲೈನಿಗೇ ಕೊಡಿ. ಪಂಪು ತಿನ್ನುವ ಕರೆಂಟು ತೀರಾ ಕಮ್ಮಿ. ಇಷ್ಟಾದರೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ. ಏರ್ ಬೆಡ್ ಇದೆಯಲ್ಲ ಎಂದು ರಾತ್ರಿಯಿಡೀ ಬಿಡುವುದೇ ಇದರ ದೊಡ್ಡ ಅಪಾಯ. ಏರ್ ಬೆಡ್ಡಿಗೆ ಐದಕ್ಕೆ ಮೂರು ಅಂಕ.

ಮೈ ಮುಟ್ಟಲು ಮುಜುಗರವಿದ್ದರೆ ಹಳೆಯ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಭುಜದಿಂದ ತೊಡೆಯವರೆಗೆ ಅಡಿಗೆ ಹಾಸಿ. ಇಬ್ಬರು ಎರಡು ಕಡೆ ಹಿಡಿದು ತುಸು ಎತ್ತಿ ಸರಿಸಬಹುದು. ಸ್ವಾಧೀನ ತಪ್ಪಿದ ಕೈಯನ್ನು, ಕಂಕುಳನ್ನು ಹಿಡಿದು ಎಳೆಯಬೇಡಿ, ಭುಜದ ಕೀಲು ಜಾರುತ್ತದೆ. ವೀಲ್‌ಚೇರಿಗೆ ಕೂರಿಸುವಾಗ ಕುರ್ಚಿ ಗಟ್ಟಿ ಮಗ್ಗುಲಿನ ಕಡೆಗಿರಲಿ, ಬ್ರೇಕ್ ಹಾಕಿ, ಕಾಲಿಡುವ ತಟ್ಟೆ ಮಡಚಿ.

ಇಡೀ ಸೆಟ್ಟಿನಲ್ಲಿ ಅಗ್ಗದ ವಸ್ತುವಿಗೇ ನಮ್ಮ ಪೂರ್ತಿ ಅಂಕ: ವೈರ್‌ಲೆಸ್ ಕಾಲಿಂಗ್ ಬೆಲ್. ಹೆಸರು ಹಿಡಿದು ಕೂಗಬೇಕಿಲ್ಲ. ಎಲ್ಲಿ ಅಂಟಿಸುತ್ತೀರಿ ಎನ್ನುವುದು ಮುಖ್ಯ. ಮೆದುಳಿನ ಬಲಭಾಗದ ಸ್ಟ್ರೋಕ್ ಆದ ಕೆಲವರಿಗೆ ಎಡಗಡೆ ಏನಿದೆಯೆಂಬುದೇ ಗಮನಕ್ಕೆ ಬರುವುದಿಲ್ಲ. ಅಂಥವರಿಗೆ ಬೆಲ್ಲು, ನೀರು ಬಲಗಡೆ ಇಡಿ. ಎಡಗಡೆ ನಿಂತು ಮಾತಾಡಿಸಿದಾಗ ಮುಖ ತಿರುಗಿಸಿದರೆ, ಹಳೇ ಸಿಟ್ಟು ಹೋಗಿಲ್ಲ ಅಂದುಕೊಳ್ಳಬೇಡಿ. ಇದ್ದಕ್ಕಿದ್ದಂತೆ ಅತ್ತರೆ ಅದೂ ಪಶ್ಚಾತ್ತಾಪವೇ ಆಗಬೇಕೆಂದಿಲ್ಲ. ಅಳು, ನಗುವಿನ ಮೇಲಿನ ಹತೋಟಿಯೂ ಸ್ಟ್ರೋಕ್‌ನಿಂದ ತಪ್ಪುತ್ತದೆ. ನರರೋಗ ವೈದ್ಯರಿಗೆ ಹೇಳಿ, ಔಷಧಿ ಇದೆ.

ಕಮೋಡ್ ವೀಲ್‌ಚೇರ್ ತರುವ ಮೊದಲು ಬಚ್ಚಲಿನ ಬಾಗಿಲು ಅಳೆಯಿರಿ, ಬಾಗಿಲ ಬೋಲ್ಟಿನ ಉಬ್ಬನ್ನು ಕಳೆದು. ಸಾದಾ ವೀಲ್‌ಚೇರಿಗೆ ಬಾಡಿಗೆ ಸುರಿಯುವ ಮುನ್ನ ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಿ. ಅಂಗವೈಕಲ್ಯ ಶೇ. 40 ಇದ್ದು ಆದಾಯ ಮಿತಿಯೊಳಗಿದ್ದರೆ ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಎಡಿಪ್ ಯೋಜನೆಯಲ್ಲಿ ವೀಲ್‌ಚೇರ್ ಸಿಗುತ್ತದೆ. ಬಿಟ್ಟುಹೋದ ಸಂಬಂಧದಲ್ಲಿ ಈ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಆಧಾರ್‌ನಲ್ಲಿ: ವಿಳಾಸ ಹಳೇ ಮನೆಯದ್ದು, ಒಟಿಪಿ ಹೋಗುವ ನಂಬರು ಯಾರ ಬಳಿಯೋ. ಮೊದಲು ಮೊಬೈಲ್ ನಂಬರ್ ಬದಲಿಸಿ, ಉಳಿದದ್ದು ಆಮೇಲೆ.