ಮಗುವಿನ ಗಂಟಲಿಗೆ ಯಾವ ಅಳತೆಯ ಟ್ಯೂಬ್: ಸೂತ್ರ, ಕಿರುಬೆರಳು, ಸಿಟಿ, ಎಂಆರ್‌ಐ, ಅಲ್ಟ್ರಾಸೌಂಡ್

ಆಳಂದ ಕಡೆಯ ಒಬ್ಬ ಪುಟ್ಟ ಹುಡುಗನಿಂದ ನನ್ನ ಈ ಹುಡುಕಾಟ ಶುರುವಾಯಿತು. ಹೊಟ್ಟೆಯ ಆಪರೇಷನ್, ಅರಿವಳಿಕೆ ಕೊಡುವವಳು ನಾನು. ಉಸಿರಾಟಕ್ಕೆ ಶ್ವಾಸನಾಳದೊಳಗೆ ಟ್ಯೂಬ್ ಹಾಕಬೇಕು, ಅದರ ಅಳತೆ ಲೆಕ್ಕ ಹಾಕುವುದು ವಯಸ್ಸಿನ ಮೇಲೆ. ವಯಸ್ಸು ಕೇಳಿದೆ. "ಅಪ್ಪನ ಜಾತ್ರಿಗಿ ಮೂರು ತುಂಬ್ಯಾವ್ರಿ ಮೇಡಮ್ರಿ, ಈಗ ನಾಕ್ ನಡದದ್ರಿ" ಅಂದರು ತಾಯಿ. ನಾಲ್ಕು ಎಂದೇ ಲೆಕ್ಕ ಹಾಕಿದೆ. ಕಫ್ (ಟ್ಯೂಬಿನ ತುದಿಯ ಹತ್ತಿರ ಗಾಳಿ ತುಂಬುವ ಪುಟ್ಟ ಬಲೂನು) ಇಲ್ಲದ ಟ್ಯೂಬಿಗೆ ಸೂತ್ರ ಸುಲಭ: ವಯಸ್ಸನ್ನು 4ರಿಂದ ಭಾಗಿಸಿ 4 ಕೂಡಿಸುವುದು. ಉತ್ತರ 5, ಅಂದರೆ ಟ್ಯೂಬಿನ ಒಳ ಅಗಲ 5 ಮಿಲಿಮೀಟರ್. ಟ್ಯೂಬ್ ಒಳಗೇನೋ ಹೋಯಿತು, ಆದರೆ ಸುತ್ತ ಗಾಳಿ ಲೀಕ್ ಆಗಲೇ ಇಲ್ಲ, ಅಂದರೆ ಟ್ಯೂಬ್ ಬಿಗಿ. ಚಿಕ್ಕ ಆಪರೇಷನ್ ಅಲ್ವಾ ಎಂದು ಹಾಗೇ ಬಿಟ್ಟೆ.

ಟ್ಯೂಬ್ ತೆಗೆದ ಮೇಲೆ ಮಗು ಉಸಿರೆಳೆದಾಗಲೆಲ್ಲ ಕುಂಯ್ ಎನ್ನುವ ಸದ್ದು. ಗಂಟಲು ಊದಿತ್ತು. ಊತ ಇಳಿಯಲೆಂದು ಅಡ್ರಿನಲಿನ್ ನೆಬ್ಯುಲೈಸೇಷನ್, ಡೆಕ್ಸಾಮೆಥಸೋನ್ ಕೊಟ್ಟು ರಾತ್ರಿಯಿಡೀ ಹಾಸಿಗೆ ಪಕ್ಕದಲ್ಲೇ ಕೂತಿದ್ದೆ. ಬೆಳಗ್ಗೆ ಹುಡುಗ ಹಾಲು ಕುಡಿದ. ಅವನ ಅಜ್ಜಿ ಊರಿನಿಂದ ತಾಯಿ ಕಾರ್ಡ್ ತಂದರು. ಅದರ ಪ್ರಕಾರ ಅವನಿಗೆ ಎರಡೂವರೆ ವರ್ಷ.

ಸೂತ್ರದ ತಪ್ಪಲ್ಲ ಅದು. ಆದರೆ ನಮ್ಮ ಭಾಗದಲ್ಲಿ ಎಷ್ಟೋ ಮಕ್ಕಳು ಅಪ್ಪ ಅಮ್ಮ ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಹೋದಲ್ಲಿ ಹುಟ್ಟುತ್ತವೆ. ವಯಸ್ಸು ಅಂದಾಜು. ಬೆಳವಣಿಗೆಯೂ ವಯಸ್ಸಿಗೆ ತಕ್ಕಂತೆ ಇರುವುದಿಲ್ಲ. ವಯಸ್ಸನ್ನೇ ನಂಬುವ ಸೂತ್ರ ಇಲ್ಲಿ ಎಷ್ಟು ದೂರ ಬರುತ್ತದೆ? ಶಿಶುವಿನ 4 ಮಿಲಿಮೀಟರ್ ಶ್ವಾಸನಾಳದ ಒಳಗೆ ಸುತ್ತಲೂ 1 ಮಿಲಿಮೀಟರ್ ಊದಿಕೊಂಡರೆ, ಗಾಳಿ ಹೋಗುವ ಜಾಗದ ಮುಕ್ಕಾಲು ಭಾಗ ಮುಚ್ಚಿಹೋಗುತ್ತದೆ.

ಕಿರುಬೆರಳಿನ ದಪ್ಪ ನೋಡಿ ಟ್ಯೂಬ್ ಆರಿಸುವುದನ್ನು ಕಲಿಯುವಾಗ ಮಾಡಿದ್ದೆ. ಈಗ ಬಿಟ್ಟಿದ್ದೇನೆ.

ಸಿಟಿ ಸ್ಕ್ಯಾನ್‌ನಲ್ಲಿ ಶ್ವಾಸನಾಳದ ಅಳತೆ ತುಂಬಾ ಚೆನ್ನಾಗಿ ಸಿಗುತ್ತದೆ, ಕೆಲವೇ ಸೆಕೆಂಡು ಸಾಕು. ಬೇರೆ ಕಾರಣಕ್ಕೆ ಕುತ್ತಿಗೆಯ ಸಿಟಿ ಆಗಿದ್ದರೆ ನಾನು ತಪ್ಪದೆ ತೆರೆದು ಅಳೆಯುತ್ತೇನೆ. ಆದರೆ ಬರೀ ಟ್ಯೂಬಿಗಾಗಿ ಮಗುವಿಗೆ ಎಕ್ಸ್‌ರೇ ಕಿರಣ ಹಾಯಿಸಲು ನಾನು ಒಪ್ಪುವುದಿಲ್ಲ. ಎಂಆರ್‌ಐನಲ್ಲಿ ಆ ಭಯವಿಲ್ಲ. ಆದರೆ ಪುಟ್ಟ ಮಗು ಅಲುಗಾಡದೆ ಮಲಗಬೇಕೆಂದರೆ ಅದಕ್ಕೂ ನಿದ್ದೆ ಔಷಧಿ ಕೊಡಬೇಕು. ಅರಿವಳಿಕೆಯ ತಯಾರಿಗೆ ಇನ್ನೊಂದು ಅರಿವಳಿಕೆ ಆಯಿತಲ್ಲ! ಎಂಆರ್‌ಐಗೆ ನಾವು ಒಂದು ದೊಡ್ಡ ಋಣ ಹೊತ್ತಿದ್ದೇವೆ, ಅದು ಬೇರೆ ಮಾತು. ಮಕ್ಕಳ ಗಂಟಲು ಕ್ರಿಕಾಯ್ಡ್ ಉಂಗುರದ (ಧ್ವನಿ ತಂತುಗಳ ಕೆಳಗಿರುವ ಮೃದ್ವಸ್ಥಿಯ ಬಳೆ) ಹತ್ತಿರವೇ ಅತಿ ಕಿರಿದು ಎಂದು ಹಳೆಯ ಶವಗಳ ಅಳತೆಯ ಮೇಲೆ ದಶಕಗಳ ಕಾಲ ಓದಿದ್ದೆವು. 2003ರಲ್ಲಿ ಲಿಟ್ಮನ್ ತಂಡ ನಿದ್ದೆಯಲ್ಲಿದ್ದ ಮಕ್ಕಳ ಎಂಆರ್‌ಐ ಅಳೆದು, ಅಡ್ಡ ಅಗಲದಲ್ಲಿ ಅತಿ ಕಿರಿದಾದ ಜಾಗ ಧ್ವನಿ ತಂತುಗಳ ಮಟ್ಟದಲ್ಲಿದೆ ಎಂದು ತೋರಿಸಿತು. ಆದರೂ ತಂತುಗಳು ಸರಿದು ದಾರಿ ಬಿಡುತ್ತವೆ, ಕ್ರಿಕಾಯ್ಡ್ ಉಂಗುರ ಹಿಗ್ಗುವುದಿಲ್ಲ. ಟ್ಯೂಬ್ ಒತ್ತಿ ಗಾಯ ಮಾಡುವುದು ಅಲ್ಲೇ. ಅದಕ್ಕೇ ನಾನು ಅಳೆಯುವುದೂ ಅಲ್ಲೇ.

ಅಲ್ಟ್ರಾಸೌಂಡ್ ಆದರೆ ಮಗು ಮಲಗಿದ ಮೇಲೆ, ಟ್ಯೂಬ್ ಹಾಕುವ ಮುಂಚೆ, ಟೇಬಲ್ ಮೇಲೇ ಆಗುತ್ತದೆ. ಉಸಿರು ಬಿಟ್ಟು ನಿಂತ ಗಳಿಗೆಯಲ್ಲಿ ಉಂಗುರದೊಳಗಿನ ಗಾಳಿಯ ಅಡ್ಡ ಅಗಲ ಅಳೆಯುತ್ತೇನೆ. ಹಿಂದಿನ ಗೋಡೆ ಕಾಣುವುದಿಲ್ಲ, ಗಾಳಿಯಾಚೆ ಅಲ್ಟ್ರಾಸೌಂಡ್ ಹೋಗುವುದಿಲ್ಲ. ಪರವಾಗಿಲ್ಲ, ಸಾಮಾನ್ಯವಾಗಿ ಅಡ್ಡ ಅಗಲವೇ ಚಿಕ್ಕದು. ಒಂದು ಎಚ್ಚರ: ಟ್ಯೂಬಿನ ನಂಬರ್ ಒಳ ಅಳತೆ, ನಾವು ಹೋಲಿಸಬೇಕಾದದ್ದು ಹೊರ ಅಳತೆ. ಅದು ಕಂಪನಿಯಿಂದ ಕಂಪನಿಗೆ ಬೇರೆ. ಟ್ಯೂಬಿನ ಮೇಲೆ ಅಚ್ಚಾಗಿರುತ್ತದೆ, ಓದಿ.

ನನ್ನನ್ನು ತಿಂಗಳುಗಟ್ಟಲೆ ಕಾಡಿದ್ದು ಪ್ರೋಬ್, ಅಂದರೆ ಅಲ್ಟ್ರಾಸೌಂಡ್ ಮಷೀನಿನಲ್ಲಿ ಮೈಗೆ ತಾಗಿಸುವ ಭಾಗ. ನಾನು ಕೆಲಸ ಮಾಡುವ ನರ್ಸಿಂಗ್ ಹೋಮ್‌ನಲ್ಲಿ ನರದ ಬ್ಲಾಕ್‌ಗೆಂದು (ಕೈಯೋ ಕಾಲೋ ಅಷ್ಟೇ ಮರಗಟ್ಟಿಸುವ ಚುಚ್ಚುಮದ್ದು) ಇಟ್ಟದ್ದು 38 ಮಿಲಿಮೀಟರ್ ಅಗಲದ ನೇರ ಪ್ರೋಬ್. ದೊಡ್ಡವರ ತೋಳಿಗೆ ಸೊಗಸು. ಎರಡು ವರ್ಷದ ಮಗುವಿನ ಕುತ್ತಿಗೆ ದುಂಡಗೆ, ಗಿಡ್ಡ. ಚಪ್ಪಟೆ ಪ್ರೋಬ್ ಇಟ್ಟರೆ ನಡುವೆ ಮಾತ್ರ ತಾಗುತ್ತದೆ, ಎರಡೂ ಬದಿ ಎದ್ದು ಪರದೆಯ ಅಂಚು ಕಪ್ಪಾಗುತ್ತದೆ. ಒತ್ತಿದರೆ ಗಂಟಲೇ ಅದುಮಿದಂತೆ. ಹಿಡಿ ಗದ್ದಕ್ಕೆ ತಾಗುತ್ತದೆ. ಗದ್ದ ತಪ್ಪಿಸಲು ಸ್ವಲ್ಪ ಓರೆ ಮಾಡಿದೆವೋ, ಉಂಗುರ ಓರೆಯಾಗಿ ಕತ್ತರಿಸಿದಂತೆ ಕಾಣುತ್ತದೆ, ಅಳತೆ ನಂಬುವಂತಿರುವುದಿಲ್ಲ.

ಅರ್ಧ ಮಿಲಿಮೀಟರ್ ತಾನೆ ಎನ್ನುವ ಹಾಗಿಲ್ಲ. ಟ್ಯೂಬ್‌ಗಳು ಬರುವುದೇ ಅರ್ಧ ಅರ್ಧ ಮಿಲಿಮೀಟರ್ ಅಂತರದಲ್ಲಿ. ಅಷ್ಟು ತಪ್ಪಿದರೆ ಒಂದು ಸೈಜ್ ತಪ್ಪಿದಂತೆ. ಜೆಲ್ ದಪ್ಪಗೆ ಹಚ್ಚಿ ನೋಡಿದೆ, ಜಾರಿತು. ಗ್ಲೌಸಿನ ಬೆರಳಿಗೆ ಜೆಲ್ ತುಂಬಿ ನಡುವೆ ಇಟ್ಟೆ, ಚಿತ್ರ ಸ್ವಲ್ಪ ಸುಧಾರಿಸಿತು. ಆದರೆ ಒಂದೇ ಮಗುವಿನಲ್ಲಿ ಮೂರು ಸಲ ಅಳೆದರೆ ಮೂರು ಉತ್ತರ.

ಕೊನೆಗೆ ಹಾಕಿ ಕೋಲಿನಂತೆ ಬಾಗಿದ ಸಣ್ಣ ಪ್ರೋಬ್ ತರಿಸಿದೆ. ಅರ್ಧ ದುಡ್ಡು ನಾನೇ ಹಾಕಿದೆ, ಮನೆಯಲ್ಲಿ ಕಾರ್ ಬದಲಿಸುವ ಯೋಚನೆ ಮುಂದೆ ಹೋಯಿತು. ಹಿಡಿ ಪಕ್ಕಕ್ಕೆ ಬಾಗಿರುವುದರಿಂದ ಗದ್ದದ ಕಾಟವಿಲ್ಲ. ಭುಜದ ಕೆಳಗೆ ಮಡಚಿದ ಟವೆಲ್ ಇಟ್ಟರೆ ಉಂಗುರ ನೇರವಾಗಿ ಸಿಗುತ್ತದೆ. ಮೂರು ಸಲ ಅಳೆದರೂ ಉತ್ತರ ಹೆಚ್ಚುಕಡಿಮೆ ಒಂದೇ.

ಕಫ್ ಟ್ಯೂಬ್ ಇರುವಾಗ ಇದೆಲ್ಲ ಯಾಕೆ ಎಂದು ಗೆಳೆಯರು ಕೇಳುತ್ತಾರೆ. ನಾನೂ ಈಗ ಹೆಚ್ಚಾಗಿ ಕಫ್ ಟ್ಯೂಬೇ ಹಾಕುವುದು. ಅರ್ಧ ಸೈಜ್ ಚಿಕ್ಕದು ಹಾಕಿ ಗಾಳಿ ತುಂಬಿದರೆ ಲೀಕ್ ನಿಲ್ಲುತ್ತದೆ ನಿಜ. ಆದರೆ ಟ್ಯೂಬೇ ದಪ್ಪವಾಗಿದ್ದರೆ ಕಫ್ ಏನೂ ಮಾಡಲಾರದು.

ಒಂದು ಕೊರತೆ ನೀಗುವಂಥದ್ದಲ್ಲ. ಮಷೀನ್ ನನ್ನ ಜೊತೆ ಬರುವುದಿಲ್ಲ. ಭ್ರೂಣದ ಲಿಂಗಪತ್ತೆ ತಡೆಯುವ 1994ರ ಕಾಯ್ದೆಯಡಿ ಅದು ನೋಂದಣಿಯಾದ ಜಾಗದಲ್ಲೇ ಇರಬೇಕು, ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾದರೂ. ಹೆಣ್ಣುಮಕ್ಕಳ ಜೀವದ ಪ್ರಶ್ನೆ, ಆ ನಿಯಮ ಇರಲೇಬೇಕು. ಹಾಗಾಗಿ ವಾರಕ್ಕೆರಡು ದಿನ ಸೇಡಂ ರಸ್ತೆಯ ಇನ್ನೊಂದು ಕಡೆ ಕೆಲಸಕ್ಕೆ ಹೋದಾಗ ನನಗೆ ಸೂತ್ರವೇ ಗತಿ. ಅಲ್ಲಿ ಮೊದಲು ತಾಯಿ ಕಾರ್ಡ್ ಕೇಳುತ್ತೇನೆ. ಸೂತ್ರದ ಟ್ಯೂಬ್, ಅದಕ್ಕಿಂತ ಅರ್ಧ ಚಿಕ್ಕದು, ಅರ್ಧ ದೊಡ್ಡದು, ಮೂರನ್ನೂ ಟ್ರೇನಲ್ಲಿ ಇಟ್ಟುಕೊಳ್ಳುತ್ತೇನೆ. ಕಫ್ ಇಲ್ಲದ ಟ್ಯೂಬಾದರೆ 20 ಸೆಂಟಿಮೀಟರ್ ನೀರಿನ ಒತ್ತಡದ ಆಸುಪಾಸಿನಲ್ಲಿ ಲೀಕ್ ಕೇಳಿಸದಿದ್ದರೆ, ಆಪರೇಷನ್ ಎಷ್ಟೇ ಚಿಕ್ಕದಿರಲಿ, ಟ್ಯೂಬ್ ಬದಲಿಸುತ್ತೇನೆ.